ಕೇಳಿಸುತ್ತದೆ, ಅರ್ಥವಾಗುವುದಿಲ್ಲ: ಗದ್ದಲದಲ್ಲಿ ಮಾತು ಹಿಡಿದುಕೊಡುವ ಹೊಸ ಸಾಧನಗಳ ಅಸಲಿ ಲೆಕ್ಕ

2024 ರ ಸೆಪ್ಟೆಂಬರ್ 12 ರಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಂದು ಸಾಫ್ಟ್‌ವೇರ್‌ಗೆ ಕಿವಿ ಮಿಷನ್ ಎಂಬ ಮಾನ್ಯತೆ ಕೊಟ್ಟಿತು. ಡಾಕ್ಟರ ಚೀಟಿ ಇಲ್ಲದೆ ಕೊಳ್ಳಬಹುದಾದ ಹಿಯರಿಂಗ್ ಏಡ್‌ಗಳ ಸಾಲಿಗೆ ಸಾಫ್ಟ್‌ವೇರ್ ಒಂದು ಸೇರಿದ್ದು ಅದೇ ಮೊದಲು. ಅದು ಕೆಲಸ ಮಾಡುವುದು ಆ್ಯಪಲ್‌ನ ಏರ್‌ಪಾಡ್ಸ್ ಪ್ರೊ 2 ಇಯರ್‌ಬಡ್‌ನಲ್ಲಿ. ಹಾಡು ಕೇಳಲು ಕೊಂಡ ವಸ್ತು ಒಂದು ಅಪ್‌ಡೇಟ್ ಆದ ಮೇಲೆ ಕಿವಿ ಮಿಷನ್ ಆಗಿಬಿಟ್ಟಿತು. 2025 ರ ಫೆಬ್ರುವರಿಯಲ್ಲಿ ಎಸ್ಸಿಲೋರ್‌ಲುಕ್ಸೋಟಿಕಾ ಕಂಪನಿಯ ‘ನ್ಯುಆನ್ಸ್ ಆಡಿಯೊ’ ಕನ್ನಡಕಕ್ಕೂ ಅದೇ ಸಂಸ್ಥೆಯ ಒಪ್ಪಿಗೆ ಸಿಕ್ಕಿತು. ಅದರ ಫ್ರೇಮಿನ ಒಳಗೇ ಮೈಕ್, ಸ್ಪೀಕರ್ ಎಲ್ಲ ಇದೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಮೆಟಾ ಕೂಡ ತನ್ನ ಕನ್ನಡಕಗಳಿಗೆ ಎದುರಿನವರ ಮಾತನ್ನು ಎತ್ತಿಕೊಡುವ ಸೌಲಭ್ಯ ತರುವುದಾಗಿ ಹೇಳಿತು.

ಈ ಸುದ್ದಿಗೆ ಬೆಂಗಳೂರಿನ ನಂಟೂ ಇದೆ. 2024 ರ ಕೊನೆಯಲ್ಲಿ ಏರ್‌ಪಾಡ್ಸ್‌ನ ಹಿಯರಿಂಗ್ ಏಡ್ ಸೌಲಭ್ಯ ಭಾರತದಲ್ಲಿ ತೆರೆದಿರಲಿಲ್ಲ. ಆಗ ಇಲ್ಲಿನ ಕೆಲವು ಯುವ ತಂತ್ರಜ್ಞರು ತಮ್ಮ ಅಜ್ಜಿಯಂದಿರಿಗಾಗಿ ಅದರ ಬೀಗ ತೆಗೆದರು. ಅಲ್ಯುಮಿನಿಯಂ ಫಾಯಿಲ್, ತಾಮ್ರದ ಜಾಲರಿ, ಮೈಕ್ರೋವೇವ್ ಓವನ್ ಬಳಸಿ ಹೊರಗಿನ ಸಿಗ್ನಲ್ ತಡೆದರು. ಕ್ಯಾಲಿಫೋರ್ನಿಯಾದ ವೈಫೈ ಹೆಸರುಗಳನ್ನು ಕೃತಕವಾಗಿ ಹರಡಿ, ಏರ್‌ಪಾಡ್ಸ್‌ಗೆ ಜೋಡಿಸಿದ ಐಪ್ಯಾಡ್ ತಾನು ಅಮೆರಿಕದಲ್ಲಿದ್ದೇನೆ ಎಂದು ನಂಬುವಂತೆ ಮಾಡಿದರು. ಜಗತ್ತಿನ ತಂತ್ರಜ್ಞಾನ ಪತ್ರಿಕೆಗಳಲ್ಲೂ ಇದು ಸುದ್ದಿಯಾಯಿತು.

ಇಷ್ಟೆಲ್ಲ ಓದಿದವರ ಮನಸ್ಸಿನಲ್ಲಿ ಉಳಿಯುವ ಪ್ರಶ್ನೆ ಒಂದೇ. ಇದನ್ನು ಕಿವಿಗೆ ಹಾಕಿದರೆ ಮದುವೆ ಛತ್ರದಲ್ಲಿ, ಹೋಟೆಲಿನಲ್ಲಿ, ಬಸ್ಸಿನಲ್ಲಿ ಎದುರಿಗಿರುವವರ ಮಾತು ಅರ್ಥವಾಗುತ್ತಾ? ಜಾಹೀರಾತುಗಳು ಹೌದು ಎನ್ನುತ್ತವೆ. ಹಳೇ ಕಿವಿ ಮಿಷನ್ ಕೊಂಡು ಪೆಟ್ಟಿಗೆಯಲ್ಲಿ ಇಟ್ಟವರು ಇಲ್ಲ ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಸತ್ಯ ಇದೆ. ಅದನ್ನು ಬಿಡಿಸಿ ನೋಡಬೇಕಾದರೆ ಮೊದಲು ಕಿವಿಯ ಒಳಗೆ ಏನು ಹಾಳಾಗುತ್ತದೆ ಎಂದು ತಿಳಿಯಬೇಕು.

ಜೋರಾಗಿ ಹೇಳಿದರೂ ತಿಳಿಯದ್ದು ಯಾಕೆ?

ವಯಸ್ಸಾದವರು ಸಾಮಾನ್ಯವಾಗಿ ಹೇಳುವ ದೂರು ಇದು: ‘ನೀನು ಮಾತಾಡೋದು ಕೇಳಿಸುತ್ತೆ, ಆದರೆ ಏನು ಹೇಳ್ತಿದ್ದೀಯ ಗೊತ್ತಾಗಲ್ಲ.’ ಮನೆಯವರಿಗೆ ಇದು ವಿಚಿತ್ರ ಅನಿಸುತ್ತದೆ. ಕಿವಿಯ ದೃಷ್ಟಿಯಿಂದ ನೋಡಿದರೆ ಇದಕ್ಕಿಂತ ನಿಖರವಾದ ವಿವರಣೆ ಇಲ್ಲ.

ಮಾತಿನಲ್ಲಿ ಸ್ವರಗಳಿಗೆ ಬಲ ಜಾಸ್ತಿ. ಆ, ಓ, ಊ ಇವೆಲ್ಲ ಕೆಳ ಶ್ರುತಿಯ, ಗಟ್ಟಿ ಸದ್ದುಗಳು. ಸ, ಶ, ತ, ಕ, ಪ ಇಂಥ ವ್ಯಂಜನಗಳು ತೆಳು. ಅವುಗಳ ಗುರುತು ಬಹುಪಾಲು 2000 ಹರ್ಟ್ಸ್‌ಗಿಂತ (ಹರ್ಟ್ಸ್ ಎಂದರೆ ಶ್ರುತಿಯ ಅಳತೆ) ಮೇಲಿರುತ್ತದೆ. ವಯಸ್ಸಿನಿಂದಲೋ ಸದ್ದಿನಿಂದಲೋ ಕಿವಿ ಮಂದವಾಗುವಾಗ ಮೊದಲು ಹೋಗುವುದು ಈ ಮೇಲಿನ ಶ್ರುತಿಗಳೇ. ಹಾಲು, ಕಾಲು, ಸಾಲು, ಪಾಲು. ಈ ನಾಲ್ಕರಲ್ಲೂ ಮೊದಲ ವ್ಯಂಜನ ಅಳಿಸಿಹೋದರೆ ಕಿವಿಗೆ ಬೀಳುವುದು ಒಂದೇ ಸದ್ದು. ಕನ್ನಡದಲ್ಲಿ ಇನ್ನೊಂದು ತೊಡಕಿದೆ. ನಮ್ಮ ವಾಕ್ಯದಲ್ಲಿ ಹೌದು ಅಲ್ಲಗಳು ಕೂರುವುದು ಕೊನೆಯಲ್ಲಿ: ಬರುತ್ತೇನೆ, ಬರುವುದಿಲ್ಲ, ಬಂದಿರಲಿಲ್ಲ. ವಾಕ್ಯ ಮುಗಿಯುವಾಗ ದನಿ ಇಳಿಯುವುದು ಸಹಜ. ಹಾಗಾಗಿ ಗದ್ದಲದಲ್ಲಿ ವಾಕ್ಯದ ಬಾಲ ಮುಳುಗಿದರೆ ಹೇಳಿದ್ದರ ಅರ್ಥವೇ ತಿರುಗಿ ಹೋಗಬಹುದು.

ಒಳಗಿವಿಯ ಕಾಕ್ಲಿಯಾದಲ್ಲಿ ಎರಡು ಬಗೆಯ ರೋಮಕೋಶಗಳಿವೆ. ಒಳ ಸಾಲಿನ ಸುಮಾರು 3,500 ಕೋಶಗಳು ಸದ್ದನ್ನು ನರಕ್ಕೆ ದಾಟಿಸುತ್ತವೆ. ಹೊರ ಸಾಲಿನಲ್ಲಿ ಸುಮಾರು 12,000 ಇವೆ. ಇವು ಸಣ್ಣ ಸದ್ದನ್ನು ಹಿಗ್ಗಿಸುತ್ತವೆ, ಜತೆಗೆ ಒಂದು ಶ್ರುತಿಯನ್ನು ಪಕ್ಕದ ಶ್ರುತಿಯಿಂದ ಬೇರೆ ಮಾಡುತ್ತವೆ. ಮೊದಲು ಸಾಯುವುದು ಸಾಮಾನ್ಯವಾಗಿ ಈ ಹೊರ ಕೋಶಗಳು. ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಆಗ ಎರಡು ನಷ್ಟ ಒಟ್ಟಿಗೇ ಆಗುತ್ತದೆ. ಸದ್ದು ಚಿಕ್ಕದಾಗುತ್ತದೆ, ಸದ್ದುಗಳ ನಡುವಿನ ಗೆರೆಯೂ ಅಳಿಸುತ್ತದೆ. ಮೊದಲನೆಯದನ್ನು ಮಿಷನ್ ತುಂಬಿಕೊಡಬಲ್ಲದು. ಎರಡನೆಯದನ್ನು ಯಾವ ಮಿಷನ್ನೂ ಕಿವಿಯ ಒಳಗೆ ಹೋಗಿ ಸರಿಮಾಡಲಾರದು. ಮಳೆಯಲ್ಲಿ ನೆಂದು ಶಾಯಿ ಹರಡಿದ ಕಾಗದವನ್ನು ದೊಡ್ಡದಾಗಿ ಝೆರಾಕ್ಸ್ ಮಾಡಿಸಿದ ಹಾಗೆ: ಅಕ್ಷರ ದೊಡ್ಡದಾಗುತ್ತದೆ, ಕಲೆಯೂ ಅಷ್ಟೇ ದೊಡ್ಡದಾಗುತ್ತದೆ.

ಆದ್ದರಿಂದ ಗದ್ದಲದ ಜಾಗದಲ್ಲಿ ಲೆಕ್ಕಕ್ಕೆ ಬರುವುದು ಮಾತು ಎಷ್ಟು ಜೋರು ಎನ್ನುವುದಕ್ಕಿಂತ, ಗದ್ದಲಕ್ಕಿಂತ ಎಷ್ಟು ಮೇಲಿದೆ ಎನ್ನುವುದು. ಇದನ್ನು ಈ ಲೇಖನದಲ್ಲಿ ‘ಅಂತರ’ ಎಂದು ಕರೆಯೋಣ. ಸದ್ದು ಎಷ್ಟು ಜೋರು ಎಂದು ಅಳೆಯುವ ಮಾನ ಡೆಸಿಬೆಲ್. ಮಾತು 70 ಡೆಸಿಬೆಲ್, ಗದ್ದಲ 70 ಡೆಸಿಬೆಲ್ ಇದ್ದರೆ ಅಂತರ ಸೊನ್ನೆ. ಚೆನ್ನಾಗಿರುವ ಕಿವಿ ಅಂತರ ಸೊನ್ನೆಗಿಂತ ಕೆಳಗಿದ್ದರೂ ಅರ್ಧಕ್ಕರ್ಧ ಮಾತು ಹಿಡಿಯುತ್ತದೆ. ಮಂದವಾದ ಕಿವಿಗೆ ಅದೇ ಮಾತು ತಿಳಿಯಲು ಇನ್ನೂ ಹಲವು ಡೆಸಿಬೆಲ್ ಬೇಕು. ಹಲವು ಎಂದರೆ ಚಿಲ್ಲರೆ ಅಲ್ಲ. ಅರ್ಥವಾಗುವ ಅಂಚಿನಲ್ಲಿ ಇರುವಾಗ ಅಂತರ ಒಂದು ಡೆಸಿಬೆಲ್ ಸುಧಾರಿಸಿದರೂ ತಿಳಿಯುವ ಮಾತು ಸುಮಾರು ಶೇಕಡ 10 ಅಥವಾ ಅದಕ್ಕಿಂತ ಜಾಸ್ತಿ ಏರುತ್ತದೆ. ಮೂರು ಡೆಸಿಬೆಲ್ ಸಿಕ್ಕರೆ ಒಬ್ಬ ಮನುಷ್ಯ ಮಾತುಕತೆಯ ಒಳಗೆ ಬರುತ್ತಾನೆ. ಸಿಗದಿದ್ದರೆ ಸುಮ್ನೆ ತಲೆಯಾಡಿಸುತ್ತಾ ಕೂರುತ್ತಾನೆ.

ಮೌನದ ಕೋಣೆಯಲ್ಲಿ ನಡೆಯುವ ಪರೀಕ್ಷೆ

ಕಿವಿ ಪರೀಕ್ಷೆ ಎಂದರೆ ನಮ್ಮಲ್ಲಿ ಬಹುತೇಕ ಆಡಿಯೋಗ್ರಾಮ್. ಸದ್ದು ನುಸುಳದ ಕೋಣೆಯಲ್ಲಿ ಕೂರಿಸಿ, 250 ರಿಂದ 8000 ಹರ್ಟ್ಸ್‌ವರೆಗಿನ ಪೀಪಿ ಸದ್ದುಗಳನ್ನು ಒಂದೊಂದಾಗಿ ಕೇಳಿಸುತ್ತಾರೆ. ಕೇಳಿಸಿದಾಗ ಗುಂಡಿ ಒತ್ತಬೇಕು. ಇದು ಒಳ್ಳೆಯ, ಅಗತ್ಯವಾದ ಪರೀಕ್ಷೆ. ಆದರೆ ಅದು ಅಳೆಯುವುದು ಮೌನದಲ್ಲಿ ಎಷ್ಟು ಸಣ್ಣ ಸದ್ದು ಕೇಳುತ್ತದೆ ಎನ್ನುವುದನ್ನು ಮಾತ್ರ. ಗದ್ದಲದಲ್ಲಿ ಮಾತು ತಿಳಿಯುತ್ತದೆಯೇ ಎಂದು ಅದು ಕೇಳುವುದೇ ಇಲ್ಲ.

ಒಂದೇ ಥರದ ಆಡಿಯೋಗ್ರಾಮ್ ಇರುವ ಇಬ್ಬರು ಗದ್ದಲದಲ್ಲಿ ತೀರಾ ಬೇರೆಬೇರೆಯಾಗಿ ಕೇಳಬಹುದು. 2009 ರಲ್ಲಿ ಶರೋನ್ ಕುಜಾವಾ ಮತ್ತು ಚಾರ್ಲ್ಸ್ ಲೀಬರ್‌ಮನ್ ಇಲಿಗಳ ಮೇಲೆ ಮಾಡಿದ ಅಧ್ಯಯನ ಇದಕ್ಕೆ ಒಂದು ಕಾರಣವನ್ನು ಸೂಚಿಸಿತು. ಜೋರು ಸದ್ದಿನ ನಂತರ ಕೇಳುವ ಮಟ್ಟ ಮೊದಲಿನಂತೆ ಆದರೂ, ರೋಮಕೋಶಕ್ಕೂ ನರಕ್ಕೂ ನಡುವಿನ ಕೊಂಡಿಗಳು ಶಾಶ್ವತವಾಗಿ ಕಳಚಿದ್ದವು. ಮನುಷ್ಯರಲ್ಲಿ ಇದರ ಪಾತ್ರ ಎಷ್ಟು ಎನ್ನುವ ಚರ್ಚೆ ಇನ್ನೂ ನಡೆದಿದೆ. ಆದರೂ ‘ಟೆಸ್ಟಲ್ಲಿ ಎಲ್ಲ ನಾರ್ಮಲ್ ಬಂದಿದೆ, ನಿಮಗೇನೂ ಇಲ್ಲ’ ಎಂದು ಮನೆಗೆ ಕಳಿಸಿದವರ ದೂರು ಸುಳ್ಳಾಗಿರಬೇಕಿಲ್ಲ ಎನ್ನುವುದು ಈಗ ತಜ್ಞರೂ ಒಪ್ಪುವ ಮಾತು.

ಗದ್ದಲದಲ್ಲಿ ಮಾತು ತಿಳಿಯುವುದನ್ನು ಅಳೆಯುವ ಪರೀಕ್ಷೆಗಳೂ ಇವೆ. ಹಿನ್ನೆಲೆಯಲ್ಲಿ ನಾಲ್ಕು ಜನ ಮಾತಾಡುವ ಸದ್ದು ಇಟ್ಟು, ವಾಕ್ಯಗಳನ್ನು ಕೇಳಿಸಿ, ಅಂತರವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಾ ಹೋಗುವುದು ‘ಕ್ವಿಕ್‌ಸಿನ್’ ಎಂಬ ಪರೀಕ್ಷೆಯ ವಿಧಾನ. ಕೆಲವೇ ನಿಮಿಷದ ಕೆಲಸ. ಕನ್ನಡ ವಾಕ್ಯಗಳಿಂದಲೇ ಇಂಥ ಪರೀಕ್ಷೆ ರೂಪಿಸುವ ಕೆಲಸ ನಮ್ಮಲ್ಲೇ ಆಗಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ, 1965 ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯ ಸಂಶೋಧಕರು ಇದರಲ್ಲಿ ತೊಡಗಿದ್ದಾರೆ. ಭಾಷೆ ಇಲ್ಲಿ ಮುಖ್ಯ. ಇಂಗ್ಲಿಷ್ ವಾಕ್ಯ ಕೇಳಿಸಿ ಕನ್ನಡ ಮಾತಾಡುವವರ ಕಿವಿ ಅಳೆದರೆ ಬರುವ ಅಂಕ ಕಿವಿಯದ್ದೋ ಭಾಷೆಯದ್ದೋ ಹೇಳಲಾಗುವುದಿಲ್ಲ.

ಮೈಕ್‌ಗಳು ಮಾಡುವ ಕೆಲಸ

ಅಂತರ ಹೆಚ್ಚಿಸಲು ಸಾಧನಗಳಿಗೆ ಇರುವ ಹಳೇ ದಾರಿ ದಿಕ್ಕು. ಕಿವಿ ಮಿಷನ್‌ನಲ್ಲಿ ಹತ್ತಿರ ಹತ್ತಿರ ಎರಡು ಮೈಕ್ ಇರುತ್ತವೆ. ಮುಂದಿನಿಂದ ಬಂದ ಸದ್ದು ಮುಂದಿನ ಮೈಕ್‌ಗೆ ಮೊದಲು ಮುಟ್ಟುತ್ತದೆ, ಹಿಂದಿನ ಸದ್ದು ಹಿಂದಿನ ಮೈಕ್‌ಗೆ ಮೊದಲು ಮುಟ್ಟುತ್ತದೆ. ಈ ಕಿರುವ್ಯತ್ಯಾಸವನ್ನು ಹಿಡಿದು ಹಿಂದಿನ ಸದ್ದನ್ನು ಕಳೆಯಬಹುದು. ಕನ್ನಡಕದ ಫ್ರೇಮಿನಲ್ಲಿ ಜಾಗ ಜಾಸ್ತಿ, ಹಾಗಾಗಿ ಮೈಕ್‌ಗಳನ್ನು ದೂರ ದೂರ ಇಡಬಹುದು. ಕನ್ನಡಕ ಈ ಓಟಕ್ಕೆ ಬಂದಿರುವುದಕ್ಕೆ ಇದೂ ಒಂದು ಕಾರಣ.

ಇದರಿಂದ ನಿಜವಾದ ಜಾಗಗಳಲ್ಲಿ ಸಿಗುವುದು ಸಾಮಾನ್ಯವಾಗಿ ಕೆಲವೇ ಡೆಸಿಬೆಲ್. ಪ್ರಯೋಗಾಲಯದಲ್ಲಿ ಜಾಸ್ತಿ ಬರುತ್ತದೆ. ಕಾರಣ ಪ್ರತಿಧ್ವನಿ. ಗ್ರಾನೈಟ್ ನೆಲ, ಟೈಲ್ಸ್ ಗೋಡೆ, ಸ್ಟೀಲ್ ಟೇಬಲ್ ಇರುವ ದರ್ಶಿನಿಯಲ್ಲಿ ಹಿಂದಿನ ಗದ್ದಲ ಗೋಡೆಗೆ ಬಡಿದು ಮುಂದಿನಿಂದಲೂ ಬರುತ್ತದೆ. ಅಲ್ಲಿ ‘ಮುಂದಿನದನ್ನು ಮಾತ್ರ ಕೇಳಿಸು’ ಎಂಬ ಸೂತ್ರ ಅರ್ಧ ಸೋಲುತ್ತದೆ. ಇನ್ನೊಂದು ಕಷ್ಟ, ಗದ್ದಲ ಹೆಚ್ಚಾದಷ್ಟೂ ಎಲ್ಲರೂ ದನಿ ಏರಿಸುತ್ತಾರೆ. ಇದಕ್ಕೆ ಲೊಂಬಾರ್ಡ್ ಪರಿಣಾಮ ಎನ್ನುತ್ತಾರೆ. ಪಕ್ಕದ ಮೇಜಿನವರು ದನಿ ಏರಿಸಿದ್ದಕ್ಕೆ ನಾವೂ ಏರಿಸುತ್ತೇವೆ, ಅದಕ್ಕೆ ಅವರು ಮತ್ತೆ ಏರಿಸುತ್ತಾರೆ.

ಎಲ್ಲಕ್ಕಿಂತ ಬಲವಾದ ಉಪಾಯ ತುಂಬ ಸರಳ. ಮೈಕನ್ನು ಮಾತಾಡುವವರ ಬಾಯಿಯ ಹತ್ತಿರ ಇಡುವುದು. ಬಯಲಿನಲ್ಲಿ ದೂರ ಅರ್ಧಕ್ಕೆ ಇಳಿದಾಗಲೆಲ್ಲ ಮಾತು 6 ಡೆಸಿಬೆಲ್ ಏರುತ್ತದೆ. ಎರಡು ಮೀಟರ್ ದೂರದ ಬದಲು 20 ಸೆಂಟಿಮೀಟರ್‌ನಲ್ಲಿ ಮೈಕ್ ಇದ್ದರೆ ಲೆಕ್ಕದ ಪ್ರಕಾರ 20 ಡೆಸಿಬೆಲ್ ಲಾಭ. ಗೋಡೆಗಳ ನಡುವೆ ಲಾಭ ಬೇರೆಯಾಗುತ್ತದೆ, ಆದರೂ ಕಿವಿಯ ಮೇಲಿರುವ ಯಾವ ಮೈಕ್ ಕೊಡುವುದಕ್ಕಿಂತಲೂ ದೊಡ್ಡದು. ಕಾಲರಿಗೆ ಸಿಕ್ಕಿಸುವ ರಿಮೋಟ್ ಮೈಕ್ ಇದನ್ನೇ ಮಾಡುತ್ತದೆ. ಕಿವಿ ಮಂದವಿರುವ ಮಕ್ಕಳ ತರಗತಿಯಲ್ಲಿ ಟೀಚರ್ ಇಂಥ ಮೈಕ್ ಹಾಕಿಕೊಂಡರೆ ಆಗುವ ವ್ಯತ್ಯಾಸವನ್ನು ದುಬಾರಿ ಎಐ ಚಿಪ್ ಕೂಡ ಸುಲಭವಾಗಿ ಸರಿಗಟ್ಟುವುದಿಲ್ಲ. ಸುದ್ದಿಯಲ್ಲಿ ಇದಕ್ಕೆ ಜಾಗ ಸಿಗದಿರುವುದು ಬೇಸರದ ವಿಷಯ. ಬ್ಲೂಟೂತ್‌ನ ಹೊಸ ‘ಆರಾಕಾಸ್ಟ್’ ವ್ಯವಸ್ಥೆ ಇದೇ ಉಪಾಯವನ್ನು ಸಭಾಂಗಣ, ನಿಲ್ದಾಣಗಳಿಗೆ ಹಿಗ್ಗಿಸುತ್ತದೆ. ವೇದಿಕೆಯ ಮೈಕಿನ ಸದ್ದು ನೇರವಾಗಿ ಕೇಳುಗರ ಕಿವಿ ಸಾಧನಕ್ಕೇ ಬರುತ್ತದೆ.

ಎಐ ನಿಜವಾಗಿ ತಂದಿರುವ ಬದಲಾವಣೆ

ಹಿಯರಿಂಗ್ ಏಡ್‌ಗಳಲ್ಲಿ ‘ನಾಯ್ಸ್ ರಿಡಕ್ಷನ್’ ಎಂಬುದು ದಶಕಗಳಿಂದ ಇದೆ. ಅದು ಫ್ಯಾನಿನ ಗುಂಯ್‌ಗುಡುವಿಕೆಯಂಥ ಒಂದೇ ಸಮನೆ ಬರುವ ಸದ್ದನ್ನು ಗುರುತಿಸಿ ತಗ್ಗಿಸುತ್ತದೆ. ಕಿವಿಗೆ ಹಿತ ಅನಿಸುತ್ತದೆ, ಆಯಾಸ ಕಡಿಮೆ. ಆದರೆ ಮಾತು ಹೆಚ್ಚು ಅರ್ಥವಾಗುತ್ತದೆ ಎಂದು ಆ ಹಳೇ ವಿಧಾನಗಳು ಗಟ್ಟಿಯಾಗಿ ತೋರಿಸಲಿಲ್ಲ. ಯಾಕೆಂದರೆ ಜನಜಂಗುಳಿಯಲ್ಲಿ ಗದ್ದಲವೂ ಮಾತೇ. ಮಾತಿನಿಂದ ಮಾತನ್ನು ಬೇರೆ ಮಾಡಲು ಆ ಸೂತ್ರಗಳಿಗೆ ದಾರಿ ಇರಲಿಲ್ಲ.

2013 ರಲ್ಲಿ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಎರಿಕ್ ಹೀಲಿ, ಡೆಲಿಯಾಂಗ್ ವಾಂಗ್ ಮತ್ತವರ ಸಂಗಡಿಗರು ನ್ಯೂರಲ್ ನೆಟ್‌ವರ್ಕ್ ಎಂಬ ಎಐ ವಿಧಾನ ಬಳಸಿ ಈ ಗೋಡೆಯನ್ನು ದಾಟಿದರು. ಕಿವಿ ಮಂದವಿದ್ದವರಿಗೆ ಗದ್ದಲದಲ್ಲಿ ಮಾತು ತಿಳಿಯುವುದು ಆ ಪ್ರಯೋಗದಲ್ಲಿ ಸ್ಪಷ್ಟವಾಗಿ ಏರಿತು. ಕೆಲಸದ ರೀತಿ ಹೀಗಿದೆ. ಅಪಾರ ಪ್ರಮಾಣದ ಮಾತು ಮತ್ತು ಗದ್ದಲಗಳನ್ನು ಬೆರೆಸಿ ನೆಟ್‌ವರ್ಕ್‌ಗೆ ತರಬೇತಿ ಕೊಡುತ್ತಾರೆ. ಸದ್ದಿನ ಯಾವ ತುಣುಕಿನಲ್ಲಿ ಮಾತು ಮೇಲಿದೆ, ಯಾವುದರಲ್ಲಿ ಗದ್ದಲ ಮೇಲಿದೆ ಎಂದು ಅದು ಊಹಿಸಲು ಕಲಿಯುತ್ತದೆ. ಗದ್ದಲದ ತುಣುಕನ್ನು ತಗ್ಗಿಸಿ ಮಾತಿನ ತುಣುಕನ್ನು ಉಳಿಸುತ್ತದೆ.

ಅದನ್ನು ಕಿವಿಯ ಹಿಂದೆ ಕೂರುವಷ್ಟು ಸಣ್ಣದು ಮಾಡಲು ಮತ್ತೆ ವರ್ಷಗಳು ಹಿಡಿದವು. ಡೆನ್ಮಾರ್ಕಿನ ಓಟಿಕಾನ್ 2021 ರಲ್ಲಿ ತಂದ ‘ಮೋರ್’ ಎಂಬ ಹಿಯರಿಂಗ್ ಏಡ್‌ನಲ್ಲಿ ನ್ಯೂರಲ್ ನೆಟ್‌ವರ್ಕ್ ಇತ್ತು. 2024 ರ ಆಗಸ್ಟ್‌ನಲ್ಲಿ ಸ್ವಿಟ್ಜರ್‌ಲೆಂಡಿನ ಫೋನಾಕ್, ಗದ್ದಲದಿಂದ ಮಾತನ್ನು ಬೇರೆ ಮಾಡಲೆಂದೇ ಪ್ರತ್ಯೇಕ ಚಿಪ್ ಇರುವ ‘ಸ್ಫಿಯರ್ ಇನ್‌ಫಿನಿಯೊ’ ತಂದಿತು. ಇಂಥ ಲೆಕ್ಕ ಬ್ಯಾಟರಿಯನ್ನು ಬೇಗ ತಿನ್ನುತ್ತದೆ. ಅದಕ್ಕೇ ಗದ್ದಲ ಜೋರಾದಾಗ ಮಾತ್ರ ಅದು ಕೆಲಸಕ್ಕೆ ಇಳಿಯುವಂತೆ ಮಾಡಿದ್ದಾರೆ.

ಇನ್ನೊಂದು ಗಡಿ ಸಮಯದ್ದು. ಎದುರಿನವರ ಮಾತು ಕಿವಿಗೆ ನೇರವಾಗಿಯೂ ಬರುತ್ತದೆ, ಸಾಧನದ ಮೂಲಕವೂ ಬರುತ್ತದೆ. ಎರಡರ ನಡುವೆ ಹತ್ತು ಮಿಲಿಸೆಕೆಂಡಿಗಿಂತ ಜಾಸ್ತಿ ವ್ಯತ್ಯಾಸವಾದರೆ ದನಿ ಡಬ್ಬಿಯೊಳಗಿಂದ ಬಂದಂತೆ ಕೇಳತೊಡಗುತ್ತದೆ. ಅದಕ್ಕಿಂತ ತೀರಾ ತಡವಾದರೆ ತುಟಿಯ ಚಲನೆಗೂ ಮಾತಿಗೂ ತಾಳ ತಪ್ಪುತ್ತದೆ. ಹಾಗಾಗಿ ಮಾತನ್ನು ಇಂಟರ್ನೆಟ್ ಮೂಲಕ ದೂರದ ಕಂಪ್ಯೂಟರಿಗೆ ಕಳಿಸಿ ಶುದ್ಧ ಮಾಡಿ ತರುವುದು ಆಗದ ಮಾತು. ಎಲ್ಲವೂ ಕಿವಿಯ ಮೇಲೇ, ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಆಗಬೇಕು. ಫೋನಿನ ಆ್ಯಪ್‌ನಲ್ಲಿ ಸದ್ದು ಹಿಡಿದು ಮಾಮೂಲಿ ಬ್ಲೂಟೂತ್ ಇಯರ್‌ಫೋನಿಗೆ ಕಳಿಸುವ ‘ಹಿಯರಿಂಗ್’ ಆ್ಯಪ್‌ಗಳು ಎಡವುವುದು ಇಲ್ಲೇ. ಅಲ್ಲಿ ನೂರು ಮಿಲಿಸೆಕೆಂಡಿಗೂ ಮೀರಿ ತಡವಾಗುವುದು ಸಾಮಾನ್ಯ.

ಇನ್ನು ಒಂದು ಪ್ರಶ್ನೆಗೆ ಎಐ ಬಳಿ ಪೂರ್ತಿ ಉತ್ತರ ಇಲ್ಲ. ಸುತ್ತ ನಾಲ್ಕು ಜನ ಮಾತಾಡುತ್ತಿದ್ದರೆ ನಮಗೆ ಬೇಕಾದವರು ಯಾರು? ಚೆನ್ನಾಗಿರುವ ಮೆದುಳು ಅದನ್ನು ತಾನೇ ಆರಿಸಿಕೊಳ್ಳುತ್ತದೆ. 1953 ರಲ್ಲಿ ಕಾಲಿನ್ ಚೆರ್ರಿ ಇದನ್ನು ‘ಕಾಕ್‌ಟೇಲ್ ಪಾರ್ಟಿ’ ಸಮಸ್ಯೆ ಎಂದು ಕರೆದು ಅಧ್ಯಯನ ಮಾಡಿದರು. ಸಾಧನಗಳು ಮಾತ್ರ ಮುಖ ತಿರುಗಿರುವ ಕಡೆಯನ್ನೇ ನಂಬುತ್ತವೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಶ್ಯಾಮ್ ಗೊಲ್ಲಕೋಟ ಅವರ ತಂಡ 2024 ರಲ್ಲಿ ಬೇರೊಂದು ದಾರಿ ತೋರಿಸಿತು. ಬೇಕಾದವರನ್ನು ಮೂರರಿಂದ ಐದು ಸೆಕೆಂಡ್ ನೋಡಿ ಒಂದು ಗುಂಡಿ ಒತ್ತಿದರೆ, ಹೆಡ್‌ಫೋನ್ ಅವರ ದನಿಯ ಗುರುತು ಹಿಡಿಯುತ್ತದೆ. ಆಮೇಲೆ ಅತ್ತ ತಿರುಗಿದರೂ ಅವರ ದನಿಯನ್ನೇ ಕೇಳಿಸುತ್ತದೆ. ಇದು ಇನ್ನೂ ಸಂಶೋಧನೆಯ ಹಂತದ ಕೆಲಸ, ಅಂಗಡಿಯ ಸಾಮಾನಲ್ಲ.

ಹೆಸರು ಒಂದೇ, ವಸ್ತು ಬೇರೆ

ಓದುಗರಿಗೆ ಜಾಸ್ತಿ ಗೊಂದಲ ಆಗುವುದು ಇಲ್ಲಿ. ನಾಯ್ಸ್ ಕ್ಯಾನ್ಸಲೇಶನ್ ಇರುವ ಇಯರ್‌ಬಡ್ ಹೊರಗಿನ ಸದ್ದನ್ನೆಲ್ಲ ತಗ್ಗಿಸುತ್ತದೆ, ಎದುರಿನವರ ಮಾತನ್ನೂ ಸೇರಿಸಿ. ಅದಕ್ಕೂ ಮಾತು ಸ್ಪಷ್ಟವಾಗುವುದಕ್ಕೂ ಸಂಬಂಧ ಇಲ್ಲ. ಮಾತನ್ನು ಎತ್ತಿಕೊಡುವ ಸೌಲಭ್ಯ ಮಾತ್ರ ಇರುವ ಇಯರ್‌ಬಡ್, ಕನ್ನಡಕಗಳು ಅಂತರವನ್ನು ಸ್ವಲ್ಪ ಸುಧಾರಿಸಬಹುದು, ಆದರೆ ಅವು ನಿಮ್ಮ ಕಿವಿಯ ನಷ್ಟವನ್ನು ಅಳೆದು ಕೆಲಸ ಮಾಡುವುದಿಲ್ಲ. ಹಿಯರಿಂಗ್ ಏಡ್ ಎಂದರೆ ಯಾವ ಶ್ರುತಿಯಲ್ಲಿ ಎಷ್ಟು ನಷ್ಟ ಆಗಿದೆಯೋ ಅಷ್ಟಷ್ಟೇ ತುಂಬಿಕೊಡುವ ಸಾಧನ. ಏರ್‌ಪಾಡ್ಸ್‌ನಲ್ಲಿ ಮೊದಲು ಫೋನಿನಲ್ಲೇ ಕಿವಿ ಪರೀಕ್ಷೆ ಮಾಡಿಸುವುದು ಇದಕ್ಕೇ.

ಆಸ್ಪತ್ರೆ, ಕ್ಲಿನಿಕ್‌ಗಳ ಹೊರಗೆ ಕೊಳ್ಳಬಹುದಾದ ಹಿಯರಿಂಗ್ ಏಡ್ ಎಂಬ ವರ್ಗವೇ ಅಮೆರಿಕದಲ್ಲಿ ಜಾರಿಗೆ ಬಂದಿದ್ದು 2022 ರ ಅಕ್ಟೋಬರ್ 17 ರಂದು. ಇದು 18 ವರ್ಷ ದಾಟಿದವರಿಗೆ, ಅಲ್ಪ ಅಥವಾ ಮಧ್ಯಮ ನಷ್ಟ ಇದೆ ಎಂದು ಅನಿಸಿದವರಿಗೆ ಮಾತ್ರ. ಮಕ್ಕಳಿಗೆ ಇಲ್ಲ, ತೀವ್ರ ನಷ್ಟ ಇದ್ದವರಿಗೂ ಇಲ್ಲ. ಸದ್ದಿನ ಗರಿಷ್ಠ ಮಟ್ಟಕ್ಕೂ ಕಾನೂನಿನ ಮಿತಿ ಇದೆ.

ಯಾರ ವಾದ ಏನು?

ಕಂಪನಿಗಳ ವಾದಕ್ಕೆ ಬಲ ಇದೆ. ವಿಶ್ವ ಆರೋಗ್ಯ ಸಂಸ್ಥೆಯ 2021 ರ ವರದಿ ಪ್ರಕಾರ ಜಗತ್ತಿನಲ್ಲಿ 150 ಕೋಟಿ ಜನರಿಗೆ ಒಂದಲ್ಲ ಒಂದು ಮಟ್ಟದ ಶ್ರವಣ ನಷ್ಟ ಇದೆ. 43 ಕೋಟಿ ಜನರಿಗೆ ಚಿಕಿತ್ಸೆ ಅಥವಾ ಸಾಧನದ ನೆರವು ಬೇಕು. ಅವರೆಲ್ಲರಿಗೂ ಆಗುವಷ್ಟು ಆಡಿಯಾಲಜಿಸ್ಟರು (ಶ್ರವಣ ತಜ್ಞರು) ಎಲ್ಲೂ ಇಲ್ಲ. ಸಾಧನ ಅಗ್ಗವಾಗಿ ಸಿಗಬೇಕು, ತಾವೇ ಹೊಂದಿಸಿಕೊಳ್ಳುವಂತಿರಬೇಕು, ನೋಡಿದವರಿಗೆ ಕಿವಿ ಮಿಷನ್ ಅನಿಸಬಾರದು. ಎಫ್‌ಡಿಎ ಮುಂದೆ ಆ್ಯಪಲ್ ಇಟ್ಟ 118 ಜನರ ಅಧ್ಯಯನದಲ್ಲಿ, ತಾವೇ ಹೊಂದಿಸಿಕೊಂಡವರು ಹೇಳಿದ ಅನುಕೂಲ ತಜ್ಞರು ಹೊಂದಿಸಿಕೊಟ್ಟವರದ್ದಕ್ಕೆ ಸಮನಾಗಿತ್ತು.

ಆಡಿಯಾಲಜಿಸ್ಟರ ವಾದವನ್ನು ಬರೀ ಹೊಟ್ಟೆಪಾಡಿನ ಆತಂಕ ಎಂದು ತಳ್ಳಿಹಾಕುವುದು ತಪ್ಪು. ಪ್ರತಿಯೊಬ್ಬರ ಕಿವಿ ಕಾಲುವೆಯ ಆಕಾರ ಬೇರೆ. ಒಂದೇ ಸಾಧನ ಇಬ್ಬರ ಕಿವಿಯಲ್ಲಿ ಬೇರೆಬೇರೆ ಮಟ್ಟದ ಸದ್ದು ಕೊಡುತ್ತದೆ. ಅದನ್ನು ಕಿವಿಯೊಳಗೆ ತೆಳು ಕೊಳವೆ ಇಟ್ಟು ಅಳೆದೇ ನೋಡಬೇಕು. ಜತೆಗೆ, ವರ್ಷಗಟ್ಟಲೆ ಕೆಲವು ಸದ್ದು ಕೇಳದಿದ್ದ ಮೆದುಳು ಅವುಗಳಿಗೆ ಹೊಂದಿಕೊಳ್ಳಲು ವಾರಗಳು ಬೇಕು. ಆ ಹೊತ್ತಿನಲ್ಲಿ ‘ಎಲ್ಲ ಕರಕರ ಅನಿಸುತ್ತೆ’ ಎಂದು ತೆಗೆದಿಟ್ಟವರನ್ನು ಮತ್ತೆ ಕೂರಿಸಿ, ಮಾತಾಡಿಸಿ, ಸರಿಹೊಂದಿಸುವುದು ಮನುಷ್ಯರೇ ಮಾಡಬೇಕಾದ ಕೆಲಸ. ಮಿಷನ್ ಪೆಟ್ಟಿಗೆ ಸೇರುವುದನ್ನು ತಡೆಯಬಲ್ಲದ್ದು ಈ ಆರೈಕೆ.

ಮೂರನೆಯ ವಾದ ಕಟ್ಟಡಗಳ ಬಗ್ಗೆ. ಛಾವಣಿಗೆ ಸದ್ದು ಹೀರುವ ಹಲಗೆ, ಕಿಟಕಿಗೆ ದಪ್ಪ ಪರದೆ, ಮೇಜುಗಳ ನಡುವೆ ಜಾಗ. ಇವು ಅಲ್ಲಿ ಕೂತ ಪ್ರತಿಯೊಬ್ಬರ ಕಿವಿಗೂ ಅಂತರ ಹೆಚ್ಚಿಸುತ್ತವೆ, ಬ್ಯಾಟರಿ ಬೇಡ. ತರಗತಿ, ಆಸ್ಪತ್ರೆ ಕೌಂಟರು, ಕೋರ್ಟು ಹಾಲ್‌ಗಳ ವಿಷಯದಲ್ಲಿ ಈ ವಾದ ನನಗೆ ಎಲ್ಲಕ್ಕಿಂತ ಸರಿ ಅನಿಸುತ್ತದೆ. ಊರೇ ಗದ್ದಲ ಮಾಡಿಕೊಂಡು, ಕೇಳಿಸದವರಿಗೆ ಮಾತ್ರ ಸಾಧನ ಕೊಳ್ಳಿ ಎನ್ನುವುದು ನ್ಯಾಯವಲ್ಲ, ಅಲ್ವಾ?

ಮರೆವಿನ ಕಾಯಿಲೆಯ ಭಯ ತೋರಿಸಿ ಸಾಧನ ಮಾರುವ ಜಾಹೀರಾತುಗಳ ಬಗ್ಗೆಯೂ ಒಂದು ಮಾತು. ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ 2024 ರ ಆಯೋಗ ಡಿಮೆನ್ಷಿಯಾಗೆ ತಡೆಯಬಹುದಾದ 14 ಕಾರಣಗಳಲ್ಲಿ ಶ್ರವಣ ನಷ್ಟವನ್ನೂ ಸೇರಿಸಿದೆ. ಆದರೆ ಅಮೆರಿಕದಲ್ಲಿ 977 ಹಿರಿಯರ ಮೇಲೆ ನಡೆದು 2023 ರಲ್ಲಿ ಪ್ರಕಟವಾದ ಅಚೀವ್ ಪ್ರಯೋಗದಲ್ಲಿ, ಮೂರು ವರ್ಷದ ನಂತರ ಒಟ್ಟು ಗುಂಪಿನಲ್ಲಿ ಸಾಧನದಿಂದ ವ್ಯತ್ಯಾಸ ಕಾಣಲಿಲ್ಲ. ಮೊದಲೇ ಅಪಾಯ ಜಾಸ್ತಿ ಇದ್ದವರಲ್ಲಿ ಮಾತ್ರ ಬುದ್ಧಿಶಕ್ತಿಯ ಇಳಿತ ಶೇಕಡ 48 ರಷ್ಟು ನಿಧಾನವಾಯಿತು. ಭರವಸೆ ಇದೆ, ಗ್ಯಾರಂಟಿ ಇಲ್ಲ.

ನಮ್ಮ ಕಾನೂನಿನ 60 ಡೆಸಿಬೆಲ್ ಗೆರೆ

ಭಾರತದಲ್ಲಿ ಸುಮಾರು 6.3 ಕೋಟಿ ಜನರಿಗೆ ಗಣನೀಯ ಶ್ರವಣ ತೊಂದರೆ ಇದೆ ಎಂದು ರಾಷ್ಟ್ರೀಯ ಕಿವುಡುತನ ತಡೆ ಕಾರ್ಯಕ್ರಮ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜನ್ನು ಉಲ್ಲೇಖಿಸುತ್ತದೆ. ಇವರಲ್ಲಿ ಕಾನೂನಿನ ಕಣ್ಣಿಗೆ ಬೀಳುವವರು ಯಾರು? 2016 ರ ಅಂಗವಿಕಲರ ಹಕ್ಕುಗಳ ಕಾಯ್ದೆ ಎರಡೂ ಕಿವಿಗಳಲ್ಲಿ 60 ರಿಂದ 70 ಡೆಸಿಬೆಲ್ ನಷ್ಟ ಇದ್ದವರನ್ನು ಮಂದಶ್ರವಣದವರು ಎನ್ನುತ್ತದೆ. 70 ದಾಟಿದರೆ ಕಿವುಡರು. ಸರ್ಕಾರದ ಅಡಿಪ್ ಯೋಜನೆಯಲ್ಲಿ ಉಚಿತ ಅಥವಾ ಕಡಿಮೆ ಬೆಲೆಯ ಸಾಧನ ಸಿಗಬೇಕಾದರೆ ಅಂಗವೈಕಲ್ಯದ ಪ್ರಮಾಣಪತ್ರ ಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 20 ಡೆಸಿಬೆಲ್ ದಾಟಿದರೆ ಅಲ್ಪ ನಷ್ಟ, 35 ದಾಟಿದರೆ ಮಧ್ಯಮ ನಷ್ಟ. ಗದ್ದಲದಲ್ಲಿ ಮಾತು ತಪ್ಪಿಹೋಗುವ ತೊಂದರೆ ಇಲ್ಲಿಂದಲೇ ಶುರುವಾಗುತ್ತದೆ. ಅಂದರೆ 40 ಡೆಸಿಬೆಲ್ ನಷ್ಟ ಇರುವ ಬಸ್ ಕಂಡಕ್ಟರ್, 45 ಡೆಸಿಬೆಲ್ ನಷ್ಟ ಇರುವ ಶಾಲಾ ಶಿಕ್ಷಕಿ ದಿನವಿಡೀ ಒದ್ದಾಡಿದರೂ ಕಾನೂನಿನ ಗೆರೆಯ ಆಚೆಗೇ ಉಳಿಯುತ್ತಾರೆ. ಆ ಗೆರೆ ಎಳೆದಿರುವುದು ಮೌನದ ಕೋಣೆಯಲ್ಲಿ ಕೇಳುವ ಪೀಪಿ ಸದ್ದಿನ ಮೇಲೆ. ಅವರ ಕಷ್ಟ ಇರುವುದು ಗದ್ದಲದಲ್ಲಿ. ಅಳತೆಗೋಲಲ್ಲಿ ಇಲ್ಲದ ಕಷ್ಟ ಯೋಜನೆಯಲ್ಲೂ ಬರುವುದಿಲ್ಲ.

ಈ ಜಾಗವನ್ನು ಈಗ ತುಂಬುತ್ತಿರುವುದು ಮಾರುಕಟ್ಟೆ. ಭಾರತದಲ್ಲಿ 2020 ರ ಏಪ್ರಿಲ್‌ನಿಂದ ವೈದ್ಯಕೀಯ ಸಾಧನಗಳೆಲ್ಲ ಔಷಧ ಕಾನೂನಿನ ವ್ಯಾಪ್ತಿಗೆ ಬಂದಿವೆ. ಆದರೆ ಅಮೆರಿಕದ ಹಾಗೆ ಚೀಟಿ ಇಲ್ಲದ ಹಿಯರಿಂಗ್ ಏಡ್‌ಗೆ ಪ್ರತ್ಯೇಕ ವರ್ಗ, ಅದಕ್ಕೆ ಸದ್ದಿನ ಮಿತಿ, ಲೇಬಲ್ ನಿಯಮ ಇಲ್ಲಿಲ್ಲ. ಆನ್‌ಲೈನ್‌ನಲ್ಲಿ ಸಾವಿರ ರೂಪಾಯಿಗೂ ‘ಕಿವಿ ಮಿಷನ್’ ಸಿಗುತ್ತದೆ. ಅಂಥವುಗಳಲ್ಲಿ ಬಹಳಷ್ಟು ಎಲ್ಲ ಸದ್ದನ್ನೂ ಒಟ್ಟಿಗೇ ಏರಿಸುವ ಆಂಪ್ಲಿಫೈಯರ್‌ಗಳು. ಮಾತು, ಗದ್ದಲ ಎರಡೂ ಸಮನಾಗಿ ಏರಿದರೆ ಅಂತರ ಒಂದಿಷ್ಟೂ ಬದಲಾಗುವುದಿಲ್ಲ, ಉಳಿದ ರೋಮಕೋಶಗಳಿಗೆ ಅಪಾಯ ಮಾತ್ರ ಹೆಚ್ಚುತ್ತದೆ.

ಇದೇ ರೀತಿ ಮುಂದುವರಿದರೆ ಕೈಯಲ್ಲಿ ದುಬಾರಿ ಫೋನ್ ಇರುವವರಿಗೆ ಒಳ್ಳೆಯ ಸಾಧನ, ಇಲ್ಲದವರಿಗೆ ಸದ್ದು ಏರಿಸುವ ಡಬ್ಬಿ ಎಂಬ ಸ್ಥಿತಿ ಬರುತ್ತದೆ. ಇದನ್ನು ತಪ್ಪಿಸಲು ಸರ್ಕಾರದ ಕೈಯಲ್ಲಿ ಎರಡು ಕೆಲಸ ಇವೆ. ಗದ್ದಲದಲ್ಲಿ ಮಾತು ತಿಳಿಯುವ ಪರೀಕ್ಷೆಯನ್ನು ಜಿಲ್ಲಾಸ್ಪತ್ರೆಯ ಮಾಮೂಲಿ ಕಿವಿ ಪರೀಕ್ಷೆಗೆ ಸೇರಿಸಬಹುದು. 60 ಡೆಸಿಬೆಲ್‌ಗಿಂತ ಕೆಳಗಿನವರಿಗೂ ಸಾಧನದ ನೆರವು ಕೊಡಬಹುದು. ಕರ್ನಾಟಕದಲ್ಲಂತೂ ಕನ್ನಡದ ಪರೀಕ್ಷಾ ಸಾಮಗ್ರಿ ಮೈಸೂರಿನಲ್ಲೇ ಇದೆ.

ಕೊಳ್ಳುವ ಮುಂಚೆ

ಮೊದಲು ಇಎನ್‌ಟಿ ಡಾಕ್ಟರಿಗೆ ಕಿವಿ ತೋರಿಸಿ, ಆಮೇಲೆ ಆಡಿಯೋಗ್ರಾಮ್ ಮಾಡಿಸಿ. ಗದ್ದಲದಲ್ಲಿ ಮಾತು ತಿಳಿಯುವ ಪರೀಕ್ಷೆಯನ್ನೂ ಮಾಡಲು, ಅದನ್ನು ಕನ್ನಡದಲ್ಲೇ ಮಾಡಲು ಕೇಳಿ. ಎರಡೂ ಕಿವಿ ಮಂದವಿದ್ದರೆ ದುಡ್ಡು ಉಳಿಸಲು ಒಂದಕ್ಕೇ ಸಾಧನ ಕೊಳ್ಳುವುದು ನಮ್ಮಲ್ಲಿ ಸಾಮಾನ್ಯ. ಗದ್ದಲದಲ್ಲಿ ಅದರಿಂದ ದೊಡ್ಡ ನಷ್ಟ ಆಗುತ್ತದೆ. ಸದ್ದು ಎರಡು ಕಿವಿಗಳನ್ನು ಮುಟ್ಟುವ ಹೊತ್ತಿನ, ಮಟ್ಟದ ವ್ಯತ್ಯಾಸವನ್ನೂ ನೋಡಿ ಮೆದುಳು ಒಂದು ದನಿಯನ್ನು ಇನ್ನೊಂದರಿಂದ ಬಿಡಿಸುತ್ತದೆ. ದುಬಾರಿ ಒಂದರ ಬದಲು ಮಧ್ಯಮ ಬೆಲೆಯ ಎರಡು ಎಷ್ಟೋ ಸಲ ಮೇಲು. ಅಂಗಡಿಯ ಸದ್ದಿಲ್ಲದ ಕೋಣೆಯಲ್ಲಿ ಹಾಕಿ ನೋಡಿ ತೀರ್ಮಾನ ಮಾಡಬೇಡಿ. ಟ್ರಯಲ್‌ಗೆ ಕೊಡುತ್ತಾರಾ ಕೇಳಿ, ನೀವು ನಿಜವಾಗಿ ಹೋಗುವ ಹೋಟೆಲಿಗೋ ಸಂತೆಗೋ ಹಾಕಿಕೊಂಡು ಹೋಗಿ. ಇಯರ್‌ಬಡ್ ಆದರೆ ಬ್ಯಾಟರಿ ಗಮನಿಸಿ. ಏರ್‌ಪಾಡ್ಸ್ ಪ್ರೊ 2 ಒಂದು ಚಾರ್ಜಿಗೆ ಸುಮಾರು ಆರು ಗಂಟೆ ನಡೆಯುತ್ತದೆ, ಕಿವಿ ಮಿಷನ್ ಇಡೀ ದಿನ ಬರುತ್ತದೆ.

ಕೆಲವು ಲಕ್ಷಣಗಳಿದ್ದರೆ ಸಾಧನದ ಯೋಚನೆಯನ್ನೇ ಬದಿಗಿಡಬೇಕು. ಕಿವಿ ಸೋರುವುದು, ನೋವು, ತಲೆಸುತ್ತು, ಒಂದೇ ಕಿವಿ ಮಂದವಾಗುವುದು ಇವೆಲ್ಲ ಡಾಕ್ಟರು ನೋಡಬೇಕಾದವು. ಒಂದೆರಡು ದಿನದಲ್ಲಿ ದಿಢೀರನೆ ಕೇಳಿಸುವುದು ನಿಂತರೆ ಅದು ತುರ್ತು. ಅಂಥ ನಷ್ಟಕ್ಕೆ ಸ್ಟಿರಾಯ್ಡ್ ಚಿಕಿತ್ಸೆ ಬೇಗ ಶುರುವಾದರೆ, ಅದರಲ್ಲೂ ಮೊದಲ ಎರಡು ವಾರದೊಳಗೆ, ಕಿವಿ ಮರಳುವ ಸಾಧ್ಯತೆ ಜಾಸ್ತಿ. ಇಯರ್‌ಬಡ್‌ನ ಸದ್ದು ಏರಿಸಿಕೊಂಡು ಆ ದಿನಗಳನ್ನು ಕಳೆದರೆ ಆ ಅವಕಾಶ ಕೈತಪ್ಪುತ್ತದೆ.